ಫಾರ್ವರ್ಡ್ ಒತ್ತುವ ಮುನ್ನ: ಖತೀಬರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಗುಂಪಿನ ಎಲ್ಲ ಸದಸ್ಯರಿಗೂ ಅಸ್ಸಲಾಮು ಅಲೈಕುಮ್ ಮತ್ತು ನಮಸ್ಕಾರ. ಸಾಮಾಜಿಕ ಜಾಲತಾಣಗಳನ್ನು ದೀನಿನ (ಧರ್ಮದ) ಚೌಕಟ್ಟಿನೊಳಗೆ ಬಳಸುವುದು ಹೇಗೆ ಎಂಬ ವಿಷಯವಾಗಿ ಇಂದು ಇಶಾ (ರಾತ್ರಿಯ) ನಮಾಜಿನ ನಂತರ ರಾಯಚೂರಿನ ಮಸೀದಿಯೊಂದರ ಖತೀಬರು (ಶುಕ್ರವಾರದ ಪ್ರವಚನ ನೀಡುವವರು) ನಮ್ಮ ಪ್ರಶ್ನೆಗಳಿಗೆ ಉತ್ತರಿಸಲಿದ್ದಾರೆ. ಅವರು ಮದರಸಾದಲ್ಲಿ ಫಿಕ್ಹ್ (ಧಾರ್ಮಿಕ ನಿಯಮಶಾಸ್ತ್ರ) ಬೋಧಿಸುತ್ತಾರೆ. ಕುಟುಂಬಗಳ ತಂಟೆ ತಕರಾರುಗಳನ್ನು ಕೂತು ಬಗೆಹರಿಸುವ ಕೆಲಸದಲ್ಲಿಯೂ ಬಹಳ ವರ್ಷಗಳಿಂದ ಇದ್ದಾರೆ. ಪ್ರಶ್ನೆಗಳನ್ನು ನನಗೆ ಖಾಸಗಿಯಾಗಿ ಕಳುಹಿಸಿರಿ. ಹೆಸರು ತೆಗೆದು, ಊರು ಅಥವಾ ಕೆಲಸವನ್ನಷ್ಟೇ ಉಳಿಸಿ ಇಲ್ಲಿ ಹಾಕುತ್ತೇನೆ. ನಡುವೆ ಯಾರೂ ಫಾರ್ವರ್ಡ್ ಹಾಕಬಾರದೆಂದು ವಿನಂತಿ.

ಮಸ್ಕಿಯ ಪದವಿ ವಿದ್ಯಾರ್ಥಿ: ಹಜರತ್, ಮಲಗುವ ಮುನ್ನ ಸ್ವಲ್ಪ ಹೊತ್ತು ಎಂದು ತೆರೆದ ರೀಲ್ಸ್ ರಾತ್ರಿ ಎರಡು ಗಂಟೆಯವರೆಗೆ ಎಳೆಯುತ್ತದೆ, ಫಜರ್ (ಮುಂಜಾವಿನ ನಮಾಜ್) ವೇಳೆ ಮೀರಿ ಕಜಾ ಆಗುತ್ತದೆ. ನಾನು ನೋಡುವುದು ಹೆಚ್ಚಾಗಿ ಬಯಾನ್ (ಧಾರ್ಮಿಕ ಪ್ರವಚನ) ಮತ್ತು ನಾತ್ (ಪ್ರವಾದಿಯವರ ಸ್ತುತಿಗೀತೆ) ಆಗಿರುವುದರಿಂದ ಇದರಲ್ಲಿ ಗುನಾಹ್ (ಪಾಪ) ಇಲ್ಲವೆಂದು ಗೆಳೆಯರು ಹೇಳುತ್ತಾರೆ. ಇನ್‌ಸ್ಟಾಗ್ರಾಮ್ ಅಳಿಸಿಬಿಡಬೇಕೇ?

ಖತೀಬರು: ವಅಲೈಕುಮುಸ್ಸಲಾಮ್. ಫರ್ಜ್ (ಕಡ್ಡಾಯ) ನಮಾಜನ್ನು ಬಿಟ್ಟು ನನ್ನನ್ನು ಕೇಳಿರಿ ಎಂದು ಯಾವ ಬಯಾನೂ ಹೇಳುವುದಿಲ್ಲ. ಇಶಾಗೆ ಮುಂಚೆ ಮಲಗುವುದನ್ನೂ ಇಶಾದ ನಂತರ ಮಾತುಕತೆಗೆ ಕೂರುವುದನ್ನೂ ಪ್ರವಾದಿ (ಸ) ಇಷ್ಟಪಡುತ್ತಿರಲಿಲ್ಲ ಎಂದು ಬುಖಾರಿ ಎಂಬ ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಸಂಗ್ರಹದಲ್ಲಿದೆ. ಎದುರಿಗೆ ಕೂತ ಮನುಷ್ಯನ ಮಾತಿಗೇ ಈ ಮಿತಿ ಇರುವಾಗ ಪರದೆಯ ಮಾತಿಗೆ ಇಲ್ಲದಿದ್ದೀತೇ? ಆರೋಗ್ಯ ಮತ್ತು ಬಿಡುವು ಎಂಬ ಎರಡು ವರಗಳ ವಿಷಯದಲ್ಲಿ ಹೆಚ್ಚಿನ ಜನ ನಷ್ಟ ಹೊಂದುತ್ತಾರೆ ಎಂಬ ಹದೀಸೂ ಬುಖಾರಿಯಲ್ಲಿಯೇ ಇದೆ. ಅಳಿಸುವುದು ನಿಮ್ಮ ಇಷ್ಟ, ಆದರೆ ಅಳಿಸಿದವರು ಕೆಲವೇ ದಿನಗಳಲ್ಲಿ ಮತ್ತೆ ಹಾಕಿಕೊಳ್ಳುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದ್ದರಿಂದ ಮೊದಲು ಫೋನನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿರಿ. ಪಡಸಾಲೆಯಲ್ಲಿ ಚಾರ್ಜಿಗಿಡಿರಿ, ಫಜರ್‌ಗೆ ಏಳಲು ಒಂದು ಅಲಾರಂ ಗಡಿಯಾರ ಕೊಂಡುಕೊಳ್ಳಿರಿ. ಒಂದು ವಿಡಿಯೊ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಬರುವಂತೆ ಈ ಆ್ಯಪ್‌ಗಳನ್ನು ಕಟ್ಟಿರುವುದರಿಂದ ಅದಕ್ಕೆ ಕೊನೆ ಎಂಬುದಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ನೋಡುವವನೇ ಗೊತ್ತುಮಾಡಿಕೊಳ್ಳಬೇಕು.

ಗಂಗಾವತಿಯ ಗೃಹಿಣಿ: ಮದೀನಾದ ಶೇಖ್ ಅಹ್ಮದ್ ಎಂಬವರು ಕನಸಿನಲ್ಲಿ ಪ್ರವಾದಿಯವರನ್ನು ಕಂಡರೆಂದೂ, ಈ ಸಂದೇಶವನ್ನು 20 ಜನರಿಗೆ ಕಳುಹಿಸಿದವರಿಗೆ ಶುಭವಾಯಿತೆಂದೂ, ಕಡೆಗಣಿಸಿದವನ ಮಗ ತೀರಿಕೊಂಡನೆಂದೂ ಬರೆದಿರುವ ಸಂದೇಶ ನಮ್ಮ ಅತ್ತೆಯವರಿಗೆ ಬಂದಿದೆ. ಅವರು ಹೆದರಿ ಊಟ ಬಿಟ್ಟಿದ್ದಾರೆ. ಕಳುಹಿಸಿಬಿಟ್ಟರೆ ಅವರ ಮನಸ್ಸಿಗೆ ಸಮಾಧಾನವಾಗಬಹುದು. ಏನು ಮಾಡಲಿ?

ಖತೀಬರು: ತಂಗಿ, ಕಳುಹಿಸಬೇಡಿರಿ. ಈ ಪತ್ರಕ್ಕೆ ವಾಟ್ಸಾಪ್‌ಗಿಂತ ಬಹಳ ಹೆಚ್ಚು ವಯಸ್ಸಾಗಿದೆ. ಜನ ಇದನ್ನು ಮೊದಲು ಕೈಯಿಂದ ನಕಲು ಮಾಡಿ ಹಂಚಿದರು, ಬಳಿಕ ಕರಪತ್ರವಾಗಿ ಅಚ್ಚು ಹಾಕಿಸಿದರು, ಆಮೇಲೆ ಜೆರಾಕ್ಸ್ ಮಾಡಿಸಿದರು. ಈಗ ಅದೇ ಕನಸು, ಅದೇ ಬೆದರಿಕೆ ಮೊಬೈಲಿಗೆ ಬಂದಿದೆ. ಸೌದಿಯ ಮುಫ್ತಿಯಾಗಿದ್ದ ಶೇಖ್ ಇಬ್ನ್ ಬಾಜ್ ಅವರು ಇದು ಕಟ್ಟುಕತೆಯೆಂದು ಲಿಖಿತ ಎಚ್ಚರಿಕೆ ಹೊರಡಿಸಿದ್ದರು. ದೀನ್ ಪೂರ್ಣವಾಗಿದೆಯೆಂದು ಕುರ್‌ಆನ್ ಸೂರಾ (ಅಧ್ಯಾಯ) ಮಾಯಿದಾದಲ್ಲಿ ಹೇಳಿದ ಮೇಲೆ ಯಾರದೋ ಕನಸಿನ ಮೂಲಕ ಹೊಸ ಕರ್ತವ್ಯವೊಂದು ಹುಟ್ಟುವುದಿಲ್ಲ. ನನ್ನ ಮೇಲೆ ಬೇಕೆಂದೇ ಸುಳ್ಳು ಹೊರಿಸುವವನು ನರಕದಲ್ಲಿ ತನ್ನ ಜಾಗ ಗೊತ್ತುಮಾಡಿಕೊಳ್ಳಲಿ ಎಂದು ಪ್ರವಾದಿ (ಸ) ಹೇಳಿದ ಮಾತನ್ನು ಎಷ್ಟೋ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ವರದಿ ಮಾಡಿದ್ದಾರೆ. ಮೊದಲು ಬರೆದವನ ಹೊರೆ ಅವನದು, ಆದರೆ ಕೇಳಿದ್ದನ್ನೆಲ್ಲ ಹೇಳಿಕೊಂಡು ತಿರುಗುವುದೇ ಮನುಷ್ಯನ ಸುಳ್ಳಿಗೆ ಸಾಕಷ್ಟಾಯಿತು ಎಂಬ ಹದೀಸ್ ಮುಸ್ಲಿಮ್ ಎಂಬ ಹದೀಸ್ ಗ್ರಂಥದ ಪೀಠಿಕೆಯಲ್ಲಿಯೇ ಇರುವಾಗ ದಾಟಿಸುವವನೂ ತಪ್ಪಿಸಿಕೊಳ್ಳಲಾರ. ಅತ್ತೆಯವರ ಪಕ್ಕದಲ್ಲಿ ಕೂತು, ಅವರ ಕಣ್ಣೆದುರಿಗೇ ಆ ಸಂದೇಶವನ್ನು ಅಳಿಸಿರಿ. ಆಯತುಲ್ ಕುರ್ಸಿ (ರಕ್ಷಣೆಗಾಗಿ ಓದುವ ಕುರ್‌ಆನ್ ವಚನ) ಓದಿ, ಅವರಿಗೆ ಊಟ ಬಡಿಸಿರಿ. ಲಾಭ ನಷ್ಟ ಅಲ್ಲಾಹನ ಕೈಯಲ್ಲಿದೆಯೆಂದು ನಂಬಿದ ವೃದ್ಧೆಯನ್ನು ಒಂದು ಸಂದೇಶದಿಂದ ಉಪವಾಸ ಕೆಡವಿದವರು ಪುಣ್ಯದ ಕೆಲಸ ಮಾಡಿಲ್ಲ.

ದೇವದುರ್ಗದ ಕಿರಾಣಿ ವ್ಯಾಪಾರಿ: ಶುಕ್ರವಾರದ ದುವಾವನ್ನು (ಪ್ರಾರ್ಥನೆಯನ್ನು) 11 ಜನರಿಗೆ ಕಳುಹಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುತ್ತದೆ ಎಂಬ ಸಂದೇಶ ನಿಜವೇ?

ಖತೀಬರು: ಸುಳ್ಳು. ಮೇಲಿನ ಉತ್ತರವನ್ನು ಓದಿರಿ.

ಹಟ್ಟಿಯ ಯುವಕ: ಗಣಿಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಾ ಯೂಟ್ಯೂಬ್ ಚಾನೆಲ್ ಒಂದನ್ನು ನಡೆಸುತ್ತಿದ್ದೇನೆ. ನನ್ನ ವಿಡಿಯೊಗಳ ನಡುವೆ ಬರುವ ಜಾಹೀರಾತುಗಳನ್ನು ನಾನು ಆರಿಸುವುದಿಲ್ಲ. ಬಡ್ಡಿ ಸಾಲದ ಜಾಹೀರಾತೂ ಬರುತ್ತದೆ. ಅದರಿಂದ ಬರುವ ಹಣ ಹಲಾಲೇ?

ಕೊಪ್ಪಳದ ಯುವಕ ಸಮಿತಿಯ ಸದಸ್ಯ: ರಂಜಾನ್‌ನಲ್ಲಿ ನಾವು ಬಡ ಕುಟುಂಬಗಳಿಗೆ ರೇಷನ್ ಕಿಟ್ ಕೊಡುತ್ತೇವೆ. ಹಣ ಕೊಟ್ಟವರು, ವಿಶೇಷವಾಗಿ ದುಬೈ ಮತ್ತು ಸೌದಿಯಲ್ಲಿ ದುಡಿಯುವ ಸಹೋದರರು, ಫೋಟೊ ಕಳುಹಿಸಿರಿ ಎಂದು ಕೇಳುತ್ತಾರೆ. ಕಿಟ್ ತೆಗೆದುಕೊಳ್ಳುವ ಹೆಂಗಸರು ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ. ಫೋಟೊ ಹಾಕದಿದ್ದರೆ ಮುಂದಿನ ವರ್ಷ ಹಣ ಬರುವುದಿಲ್ಲವೆಂಬ ಭಯ ನಮಗಿದೆ.

ಖತೀಬರು: ಆ ಹೆಂಗಸರು ಸೆರಗು ಎಳೆದುಕೊಂಡಾಗಲೇ ನಿಮಗೆ ಉತ್ತರ ಸಿಕ್ಕಿದೆ. ದಾನವನ್ನು ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ತಲುಪಿಸಿದರೆ ಇನ್ನೂ ಉತ್ತಮ ಎಂದು ಸೂರಾ ಬಕರಾದ 271ನೇ ಆಯತ್ (ವಚನ) ಹೇಳುತ್ತದೆ. ಅಂದರೆ ಕೊಡುವವನು ಬಹಿರಂಗವಾಗಲು ಅವಕಾಶವಿದೆ. ಪಡೆಯುವವಳನ್ನು ಬಹಿರಂಗಪಡಿಸಲು ಯಾರಿಗೂ ಅನುಮತಿ ಕೊಟ್ಟಿಲ್ಲ. ಅದೇ ಸೂರಾದ 264ನೇ ಆಯತ್, ಹಂಗಿಸಿ ನೋಯಿಸಿ ನಿಮ್ಮ ದಾನಗಳನ್ನು ನೀವೇ ವ್ಯರ್ಥಮಾಡಿಕೊಳ್ಳಬೇಡಿರಿ ಎನ್ನುತ್ತದೆ. ಹತ್ತು ಕಿಲೊ ಅಕ್ಕಿ, ಎರಡು ಪಾಕೀಟು ಎಣ್ಣೆ, ಒಂದಿಷ್ಟು ಬೇಳೆ ಮತ್ತು ಖರ್ಜೂರಕ್ಕಾಗಿ ಒಬ್ಬ ವಿಧವೆಯ ಮುಖ ಆಕೆಯ ಮಗಳ ಬೀಗರ ಮೊಬೈಲಿಗೂ ಹೋಗಿ ತಲುಪುವುದು ಹಂಗಿಸುವುದಕ್ಕಿಂತ ಕಡಿಮೆಯೇನಲ್ಲ.

ಹಾಗೆಂದು ದಾನಿಗಳು ಕೇಳುವ ಲೆಕ್ಕ ತಪ್ಪಲ್ಲ, ಏಕೆಂದರೆ ಅವರ ಹಣ ನಿಮ್ಮ ಬಳಿ ಅಮಾನತ್ತಾಗಿ (ನಂಬಿ ಒಪ್ಪಿಸಿದ ಸೊತ್ತಾಗಿ) ಇದೆ. ಅಂಗಡಿಯ ಬಿಲ್ಲಿನ ಫೋಟೊ ಕಳುಹಿಸಿರಿ. ಚೀಲಗಳನ್ನು ಸಾಲಾಗಿ ಇಟ್ಟ ಕೋಣೆಯ ಫೋಟೊ ಕಳುಹಿಸಿರಿ, ಹಂಚಿದ ನಂತರ ಅದೇ ಕೋಣೆ ಖಾಲಿಯಾಗಿರುವುದನ್ನೂ ಕಳುಹಿಸಿರಿ. ಪಡೆದವರ ಸಹಿಯ ಪುಸ್ತಕ ಸಮಿತಿಯಲ್ಲಿರಲಿ; ದಾನಿ ಊರಿಗೆ ಬಂದಾಗ ಕೂತು ನೋಡಲಿ, ಅದು ಗುಂಪಿಗೆ ಬರಬಾರದು. ಸಾಧ್ಯವಿದ್ದರೆ ಸಾಲಿನಲ್ಲಿ ನಿಲ್ಲಿಸುವುದನ್ನೇ ಬಿಟ್ಟು ಮನೆಗೆ ಒಯ್ದು ಕೊಡಿರಿ. ಇಷ್ಟರ ಮೇಲೂ ಮುಖವೇ ಬೇಕೆನ್ನುವ ದಾನಿಯ ಹಣ ನಿಂತರೆ ನಿಲ್ಲಲಿ, ರಿಜ್ಕ್ (ಜೀವನಾಧಾರ) ಅವನ ಕೈಯಲ್ಲಿಲ್ಲ.

ಸಿರುಗುಪ್ಪದ ಸದಸ್ಯ: ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ. ಕಲೌಂಜಿಯನ್ನು (ಕಪ್ಪು ಜೀರಿಗೆಯನ್ನು) ಜೇನಿನಲ್ಲಿ ಕಲಸಿ, ದರೂದ್ (ಪ್ರವಾದಿಯವರಿಗಾಗಿ ಪ್ರಾರ್ಥನೆ) ಓದಿ ಊದಿ, 40 ದಿನ ಬೆಳಿಗ್ಗೆ ತೆಗೆದುಕೊಂಡರೆ ಸಕ್ಕರೆ ಕಾಯಿಲೆ ಬುಡದಿಂದಲೇ ಹೋಗುತ್ತದೆ. ಇನ್ಸುಲಿನ್ ಮತ್ತು ಮಾತ್ರೆಗಳನ್ನು ಅಂದೇ ನಿಲ್ಲಿಸಬೇಕು. ಇದು ಹದೀಸಿನಲ್ಲಿದೆ.

ಖತೀಬರು: ಫಾರ್ವರ್ಡ್ ಹಾಕಬೇಡಿರಿ ಎಂದು ಅಡ್ಮಿನ್ ಆರಂಭದಲ್ಲಿಯೇ ಕೇಳಿಕೊಂಡಿದ್ದಾರೆ. ಕಲೌಂಜಿಯಲ್ಲಿ ಶಿಫಾ (ಗುಣಪಡಿಸುವ ಶಕ್ತಿ) ಇದೆಯೆಂಬ ಹದೀಸ್ ಬುಖಾರಿಯಲ್ಲಿದೆ, ಅದರಲ್ಲಿ ಸಂಶಯವಿಲ್ಲ. ಆದರೆ 40 ದಿನ, ಇನ್ಸುಲಿನ್ ನಿಲ್ಲಿಸುವುದು, ಊದುವುದು, ಇವೆಲ್ಲ ಯಾವ ಹದೀಸಿನಲ್ಲಿವೆ ಎಂದು ತೋರಿಸಿರಿ. ಉಬಯ್ ಇಬ್ನ್ ಕಅಬ್ ಅವರಿಗೆ ಕಾಯಿಲೆಯಾದಾಗ ಪ್ರವಾದಿಯವರೇ (ಸ) ಅವರ ಬಳಿಗೆ ವೈದ್ಯರನ್ನು ಕಳುಹಿಸಿದರು, ಆ ವೈದ್ಯರು ನರ ಕೊಯ್ದು ಚಿಕಿತ್ಸೆ ಮಾಡಿದರು. ಇದು ಮುಸ್ಲಿಮ್ ಗ್ರಂಥದಲ್ಲಿದೆ. ಇನ್ಸುಲಿನ್ ಮೇಲೆ ಬದುಕಿರುವ ರೋಗಿ ಅದನ್ನು ದಿಢೀರನೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಈ ಸಂದೇಶವನ್ನು ಎಷ್ಟು ಗುಂಪುಗಳಿಗೆ ಹಾಕಿದ್ದೀರೋ ಅಷ್ಟೂ ಗುಂಪುಗಳಿಗೆ ಹೋಗಿ, ಮಾತ್ರೆ ನಿಲ್ಲಿಸಬೇಡಿರಿ ಎಂದು ಬರೆದು ಬನ್ನಿರಿ.

ಸಿರುಗುಪ್ಪದ ಸದಸ್ಯ: ನಾನು ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು ಹಜರತ್. ಅಮಲುಗಳು (ಕರ್ಮಗಳು) ನಿಯ್ಯತ್ತಿನ (ಉದ್ದೇಶದ) ಮೇಲೆ ನಿಂತಿವೆಯಲ್ಲವೇ?

ಖತೀಬರು: ನಿಯ್ಯತ್ತು ಚೆನ್ನಾಗಿದ್ದರೆ ಸುಳ್ಳು ಔಷಧಿ ನಿಜವಾಗುವುದಿಲ್ಲ. ಮುಂದಿನ ಪ್ರಶ್ನೆ.

ಅಡ್ಮಿನ್: ಊರು ಹೇಳಲು ಇಚ್ಛಿಸದ ಒಬ್ಬ ಅಣ್ಣನ ಪ್ರಶ್ನೆ ಇದು. “ನನ್ನ ತಂಗಿಗೆ 17 ವರ್ಷ, ಪಿಯುಸಿ ಓದುತ್ತಿದ್ದಾಳೆ. ಸಂಬಂಧಿಕರ ವಲೀಮಾದಲ್ಲಿ (ಮದುವೆಯ ಔತಣದಲ್ಲಿ) ತೆಗೆದ ಫೋಟೊವನ್ನು ಯಾರೋ ಸ್ಟೇಟಸ್‌ಗೆ ಹಾಕಿದ್ದರು. ಅದರಿಂದ ಅವಳ ಮುಖ ತೆಗೆದು ಅಶ್ಲೀಲ ಚಿತ್ರಕ್ಕೆ ಜೋಡಿಸಿ, ಒಬ್ಬ ಅವಳಿಗೇ ಕಳುಹಿಸಿ, ಹೇಳಿದಂತೆ ಕೇಳದಿದ್ದರೆ ಊರಿಗೆಲ್ಲ ಹಂಚುತ್ತೇನೆಂದು ಬೆದರಿಸುತ್ತಿದ್ದಾನೆ. ಅವಳು ಮೂರು ವಾರ ಯಾರಿಗೂ ಹೇಳದೆ ನರಳಿದ್ದಾಳೆ. ಈಗ ತಂದೆಯವರು ಅವಳ ಫೋನ್ ಒಡೆಯಬೇಕೆಂದೂ, ಕಾಲೇಜು ಬಿಡಿಸಬೇಕೆಂದೂ, ಬರುವ ತಿಂಗಳೊಳಗೆ ನಿಕಾಹ್ ಮಾಡಿಬಿಡಬೇಕೆಂದೂ ಹೇಳುತ್ತಿದ್ದಾರೆ. ಲೋಪಗಳನ್ನು ಮುಚ್ಚಬೇಕೆಂದು ದೀನ್ ಹೇಳುತ್ತದೆ, ಪೊಲೀಸರ ಬಳಿಗೆ ಹೋದರೆ ಮನೆಯ ಇಜ್ಜತ್ (ಮಾನ) ಬೀದಿಗೆ ಬರುತ್ತದೆ ಎಂಬುದು ಅವರ ಮಾತು. ಇದು ಸರಿಯೇ?”

ಖತೀಬರು: ಉಳಿದ ಪ್ರಶ್ನೆಗಳು ಕಾಯಲಿ, ಇದಕ್ಕೆ ಪೂರ್ತಿಯಾಗಿ ಬರೆಯುತ್ತೇನೆ.

ಸಹೋದರರೇ, ಎಲ್ಲಕ್ಕಿಂತ ಮೊದಲು ಈಗಲೇ ಎದ್ದು ಹೋಗಿ ತಂಗಿಯ ಹತ್ತಿರ ಕೂತು, ನಿನ್ನದೇನೂ ತಪ್ಪಿಲ್ಲ, ನಾನಿದ್ದೇನೆ ಎಂದು ಹೇಳಿರಿ. ಇಂಥ ಬೆದರಿಕೆಗೆ ಸಿಕ್ಕ ಮಕ್ಕಳು ಜೀವಕ್ಕೆ ಕುತ್ತು ತಂದುಕೊಂಡ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಇಂದು ರಾತ್ರಿ ಅವಳನ್ನು ಒಂಟಿಯಾಗಿ ಬಿಡಬಾರದು, ತಾಯಿಯೋ ಅಕ್ಕನೋ ಜೊತೆಯಲ್ಲಿ ಮಲಗಲಿ. ಅವಳ ಮನಸ್ಸು ಬಹಳ ಕುಗ್ಗಿದಂತೆ ಕಂಡರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿರಿ, ಹಗಲು ರಾತ್ರಿ ಮಾತನಾಡುವವರಿದ್ದಾರೆ.

ಈಗ ದೀನಿನ ಮಾತು. ಒಬ್ಬ ಮುಸ್ಲಿಮನ ಲೋಪವನ್ನು ಮುಚ್ಚಿದವನ ಲೋಪವನ್ನು ಅಲ್ಲಾಹನು ಮುಚ್ಚುತ್ತಾನೆ ಎಂಬ ಹದೀಸ್ ಎಡವಿ ಬಿದ್ದವನಿಗಾಗಿ ಇದೆ, ಕಾಲು ಅಡ್ಡ ಕೊಟ್ಟು ಬೀಳಿಸುವವನಿಗಾಗಿ ಅಲ್ಲ. ನಿಮ್ಮ ತಂಗಿ ಏನನ್ನೂ ಮಾಡಿಲ್ಲವಾದ್ದರಿಂದ ಅವಳ ಕಡೆಯಿಂದ ಮುಚ್ಚಬೇಕಾದದ್ದು ಏನೂ ಇಲ್ಲ; ನೀವು ಸುಮ್ಮನಿದ್ದರೆ ಮುಚ್ಚಿದಂತಾಗುವುದು ಆ ದುಷ್ಟನ ಕೃತ್ಯ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ, ಅನ್ಯಾಯಕ್ಕೆ ಒಳಗಾದವರ ಹೊರತು ಎಂದು ಸೂರಾ ನಿಸಾದ 148ನೇ ಆಯತ್ ಹೇಳುತ್ತದೆ, ಆ ಹೊರತು ಎಂಬ ಮಾತು ನಿಮ್ಮ ತಂಗಿಗೆಂದೇ ಇದೆ. ನಿನ್ನ ಸಹೋದರ ಅನ್ಯಾಯ ಮಾಡಿದರೂ ಅನ್ಯಾಯಕ್ಕೊಳಗಾದರೂ ಅವನಿಗೆ ನೆರವಾಗು ಎಂದು ಪ್ರವಾದಿ (ಸ) ಹೇಳಿದಾಗ, ಅನ್ಯಾಯ ಮಾಡುವವನಿಗೆ ನೆರವಾಗುವುದು ಹೇಗೆಂದು ಕೇಳಿದವರಿಗೆ ಅವನ ಕೈ ಹಿಡಿದು ತಡೆಯುವುದೇ ನೆರವು ಎಂದರು. ನೀವು ದೂರು ಕೊಡುವುದೇ ಅವನ ಕೈ ಹಿಡಿಯುವುದು.

ತಂದೆಯವರಿಗೆ ಸೂರಾ ನೂರ್ ಓದಿಸಿರಿ. ಉಮ್ಮುಲ್ ಮುಅ್‌ಮಿನೀನ್ (ವಿಶ್ವಾಸಿಗಳ ತಾಯಿ), ಪ್ರವಾದಿಯವರ ಪತ್ನಿ ಆಯಿಶಾ (ರ) ಅವರ ಮೇಲೆ ಅಪವಾದ ಹುಟ್ಟಿದಾಗ ಮದೀನಾದಲ್ಲಿ ಸುಮಾರು ಒಂದು ತಿಂಗಳು ಅದು ಬಾಯಿಂದ ಬಾಯಿಗೆ ಹರಿದಾಡಿತು, ಅವರು ಅತ್ತು ಅತ್ತು ಸೊರಗಿದರು. ಕೊನೆಗೆ ಇಳಿದ ಆಯತ್‌ಗಳು ಅವರನ್ನು ನಿರ್ದೋಷಿ ಎಂದು ಸಾರಿದವು. ಜೊತೆಗೆ, ಕೇಳಿದೊಡನೆ ನೀವು ನಿಮ್ಮವರ ಬಗ್ಗೆ ಒಳ್ಳೆಯದನ್ನೇ ಎಣಿಸಿ ಇದು ಸ್ಪಷ್ಟ ಸುಳ್ಳೆಂದು ಏಕೆ ಹೇಳಲಿಲ್ಲ ಎಂದು ಊರಿನವರನ್ನು ತರಾಟೆಗೆ ತೆಗೆದುಕೊಂಡವು. ಅರಿವಿಲ್ಲದ್ದನ್ನು ನಾಲಿಗೆಯಿಂದ ನಾಲಿಗೆಗೆ ದಾಟಿಸುತ್ತಾ ಅದನ್ನು ಹಗುರವೆಂದು ಬಗೆದಿರಿ, ಅಲ್ಲಾಹನ ಬಳಿ ಅದು ಘೋರವಾದದ್ದು ಎಂದು 15ನೇ ಆಯತ್ ಹೇಳುತ್ತದೆ. ನಾಚಬೇಕಾದವರು ಕಟ್ಟಿದವನು ಮತ್ತು ಹರಡಿದವರು. ಆ ಸೂರಾವನ್ನು ಓದುವ ಮನೆಯಲ್ಲಿ ಅಪವಾದಕ್ಕೆ ಸಿಕ್ಕ ಮಗಳಿಗೇ ಶಿಕ್ಷೆಯಾಗಬಾರದು.

ನಿಕಾಹ್ ವಿಷಯ. 18 ತುಂಬದ ಹುಡುಗಿಯ ಮದುವೆ ಕಾನೂನಿನಲ್ಲಿ ಅಪರಾಧ, ಕರ್ನಾಟಕದ ತಿದ್ದುಪಡಿಯಂತೆ ಅದು ಮೊದಲಿನಿಂದಲೇ ಅಸಿಂಧು. ಓದಿಸಿದ ಖಾಜಿಯೂ ಶಿಕ್ಷೆಗೆ ಗುರಿಯಾಗುತ್ತಾನೆ. ಕಾನೂನನ್ನು ಬದಿಗಿಟ್ಟರೂ ಹೆಣ್ಣಿನ ಒಪ್ಪಿಗೆ ಕೇಳದೆ ನಿಕಾಹ್ ಮಾಡಬಾರದೆಂದು ಸ್ಪಷ್ಟ ಹದೀಸ್ ಇದೆ. ಖನ್ಸಾ ಬಿಂತ್ ಖಿದಾಮ್ ಅವರ ಮನಸ್ಸಿಗೆ ವಿರುದ್ಧವಾಗಿ ತಂದೆ ಮಾಡಿದ್ದ ನಿಕಾಹನ್ನು ಪ್ರವಾದಿ (ಸ) ರದ್ದುಪಡಿಸಿದರು. ಬೆದರಿಕೆಯಿಂದ ಪಾರಾಗಲು ಮದುವೆ ಮಾಡಿದರೆ, ಆ ಚಿತ್ರ ನಾಳೆ ಅವಳ ಗಂಡನ ಮೊಬೈಲಿಗೆ ಬರುವುದಿಲ್ಲವೆಂದು ಯಾರು ಹೇಳಬಲ್ಲರು?

ಮಾಡಬೇಕಾದ ಕೆಲಸ. ಫೋನನ್ನು ಒಡೆಯಬಾರದು, ಚಾಟ್ ಅಳಿಸಬಾರದು. ಅವನ ಸಂಖ್ಯೆ, ಖಾತೆಯ ವಿಳಾಸ, ದಿನಾಂಕ ಮತ್ತು ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆದರೆ ಆ ಅಶ್ಲೀಲ ಚಿತ್ರವನ್ನು ಯಾರಿಗೂ, ನನಗೂ ಸಹ, ಕಳುಹಿಸಬೇಡಿರಿ. ಅವನಿಗೆ ಹಣ ಕೊಡಬಾರದು, ಮಾತಿಗೆ ಕರೆಯಬಾರದು, ನೀವೇ ಗೆಳೆಯರನ್ನು ಕಟ್ಟಿಕೊಂಡು ಹೊಡೆಯಲು ಹೋಗಬಾರದು. ಪ್ರತಿ ಜಿಲ್ಲೆಯಲ್ಲಿ ಇಂಥ ದೂರುಗಳನ್ನು ಪಡೆಯುವ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ, 1930 ಸೈಬರ್ ಅಪರಾಧ ಸಹಾಯವಾಣಿ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ತಂಗಿ 18ರ ಒಳಗಿನವಳಾದ್ದರಿಂದ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಅವಳ ಹೇಳಿಕೆಯನ್ನು ಅವಳ ಮನೆಯಲ್ಲಿಯೇ ಪಡೆಯಬಹುದು, ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಅವಳ ಗುರುತನ್ನು ಮಾಧ್ಯಮಗಳು ಹೊರಗೆಡಹುವಂತಿಲ್ಲ. ಇಜ್ಜತ್ ಬೀದಿಗೆ ಬರುತ್ತದೆಂಬ ತಂದೆಯವರ ಭಯಕ್ಕೆ ಇದನ್ನು ಬಿಡಿಸಿ ಹೇಳಿರಿ. ಚಿಕ್ಕ ವಯಸ್ಸಿನವರ ಇಂಥ ಚಿತ್ರಗಳು ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಸೇವೆಯನ್ನು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ಉಚಿತವಾಗಿ ನಡೆಸುತ್ತದೆ. ಅಲ್ಲಿ ಚಿತ್ರ ನಿಮ್ಮ ಫೋನಿನಲ್ಲಿಯೇ ಉಳಿದು, ಅದರ ಅಂಕಿಗಳ ಗುರುತು ಮಾತ್ರ ಜಾಲತಾಣಗಳಿಗೆ ಹೋಗುತ್ತದೆ.

ಇನ್ನು ವಲೀಮಾದಲ್ಲಿ ಹೆಂಗಸರ ಪಂಕ್ತಿಯ ಫೋಟೊ ತೆಗೆದು, ಕೇಳದೆ ಸ್ಟೇಟಸ್‌ಗೆ ಹಾಕುವವರು ಈ ಗುಂಪಿನಲ್ಲಿಯೂ ಇದ್ದೀರಿ. ಇಂದೇ ತೆಗೆಯಿರಿ.

ಮಾನ್ವಿಯ ಸದಸ್ಯ: ಇದು ಯಾವ ಕಾಲೇಜಿನಲ್ಲಿ ನಡೆದದ್ದು? ನಮ್ಮ ಕಡೆಯವರ ಹುಡುಗಿಯೇ? ಗೊತ್ತಾದರೆ ನಾವೂ ಎಚ್ಚರವಾಗಿರಬಹುದು.

ಖತೀಬರು: ಇಷ್ಟು ಬರೆದ ಮೇಲೂ ಯಾವ ಕಾಲೇಜು ಎಂದು ಕೇಳುತ್ತೀರಲ್ಲ! ಒಬ್ಬರ ಗುಟ್ಟನ್ನು ಇನ್ನೊಬ್ಬರು ಕೆದಕಬೇಡಿರಿ ಎಂದು ಸೂರಾ ಹುಜುರಾತ್‌ನ 12ನೇ ಆಯತ್ ಹೇಳುವುದು ಇದೇ ಕುತೂಹಲವನ್ನು. ಅಡ್ಮಿನ್, ಈ ಸಂದೇಶವನ್ನು ಅಳಿಸಿರಿ. ಆ ಮಗುವಿನ ಊರನ್ನೋ ಕಾಲೇಜನ್ನೋ ಊಹಿಸಿ ಬರೆಯುವವರನ್ನು ಗುಂಪಿನಿಂದ ತೆಗೆಯಿರಿ.

ಅಡ್ಮಿನ್: ಸಂದೇಶವನ್ನು ಅಳಿಸಿದ್ದೇನೆ ಹಜರತ್. ಮಾನ್ವಿಯ ಸಹೋದರರೇ, ಇದು ಕೊನೆಯ ಎಚ್ಚರಿಕೆ.

ಬಳ್ಳಾರಿಯ ಯುವಕ: ಎಲ್ಲದಕ್ಕೂ ಹಾಕಬೇಡಿ, ತೆಗೆಯಿರಿ ಎನ್ನುತ್ತಿದ್ದೀರಿ. ನಮ್ಮವರ ಮೇಲೆ ಎಲ್ಲಿಯಾದರೂ ಹಲ್ಲೆಯಾದ ವಿಡಿಯೊ ಬಂದರೆ ಅದನ್ನೂ ಹಂಚಬಾರದೇ? ಸುಮ್ಮನಿರುವುದು ಹೇಡಿತನ. ನಾವು ಹಂಚದಿದ್ದರೆ ಲೋಕಕ್ಕೆ ತಿಳಿಯುವುದು ಹೇಗೆ?

ಲಿಂಗಸೂಗೂರಿನ ಶಿಕ್ಷಕಿ: ತಮ್ಮಾ, ಹಂಚುವ ಮುನ್ನ ಅದು ಎಲ್ಲಿಯದು, ಯಾವ ವರ್ಷದ್ದು ಎಂದು ನೋಡಬೇಕು ಎಂದಷ್ಟೇ ದೀನ್ ಹೇಳುತ್ತಿರುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನೀವು ಈ ಗುಂಪಿಗೆ ಏನು ಹಾಕಿದ್ದಿರಿ? ಅಣೆಕಟ್ಟೆಯೇ ಒಡೆದಿದೆ, ಬೆಳಗಾಗುವುದರೊಳಗೆ ಊರುಗಳು ಮುಳುಗುತ್ತವೆ ಎಂದು ಹಾಕಿ, ಅದರೊಂದಿಗೆ ಬೇರೆ ಯಾವುದೋ ದೇಶದ ಪ್ರವಾಹದ ವಿಡಿಯೊ ಸೇರಿಸಿದ್ದಿರಿ. ಹೊಳೆಯ ದಂಡೆಯಲ್ಲಿರುವ ನನ್ನ ತವರಿನವರು ಕೂಸುಗಳನ್ನು ಎತ್ತಿಕೊಂಡು ಕತ್ತಲಲ್ಲಿ ಹೊರಟಿದ್ದರು.

ಬಳ್ಳಾರಿಯ ಯುವಕ: ಗೇಟು ಹೋದದ್ದು ನಿಜ ತಾನೇ? ಎಚ್ಚರಿಸಿದ್ದು ತಪ್ಪೇ?

ಲಿಂಗಸೂಗೂರಿನ ಶಿಕ್ಷಕಿ: 33 ಗೇಟುಗಳಲ್ಲಿ ಒಂದು ಹೋಗಿದ್ದು ನಿಜ, ಕಟ್ಟೆ ಒಡೆದದ್ದು ಸುಳ್ಳು. ನದಿ ಪಾತ್ರಕ್ಕೆ ಇಳಿಯಬೇಡಿರಿ ಎಂದು ಜಿಲ್ಲಾಡಳಿತ ಹೇಳಿದ್ದನ್ನು ಹಾಗೆಯೇ ಹಾಕಿದ್ದರೆ ಅದು ಎಚ್ಚರಿಕೆಯಾಗುತ್ತಿತ್ತು.

ಬಳ್ಳಾರಿಯ ಯುವಕ: ಆಪಾ, ನೀವು ಶಾಲೆಯ ಮಕ್ಕಳಿಗೆ ಪಾಠ ಮಾಡುವಂತೆ ನಮಗೆ ಮಾಡಬೇಡಿರಿ. ಅನ್ಯಾಯ ಕಂಡಾಗ ರಕ್ತ ಕುದಿಯದವರಿಗೆ ಇದು ಅರ್ಥವಾಗುವುದಿಲ್ಲ.

ಸಿಂಧನೂರಿನ ನಿವೃತ್ತ ಉಪನ್ಯಾಸಕ: ನಮಸ್ಕಾರ. ನಾನು ಈ ಗುಂಪಿನಲ್ಲಿ ಓದುವವನು, ಬರೆಯುವವನಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗಳನ್ನು ಮಕ್ಕಳ ಕಳ್ಳರೆಂದು ಬಗೆದು, ವಾಟ್ಸಾಪ್‌ನಲ್ಲಿ ಮುಂದಿನ ಊರಿಗೆ ಸುದ್ದಿ ದಾಟಿಸಿದರು. ಅಲ್ಲಿ ರಸ್ತೆ ಅಡ್ಡಗಟ್ಟಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ಸುದ್ದಿ ಕಳುಹಿಸಿದವರೂ ಊರಿನವರನ್ನು ಎಚ್ಚರಿಸುತ್ತಿದ್ದೇವೆಂದೇ ನಂಬಿದ್ದರು. ಅಂಥ ಸಾವುಗಳ ಬಳಿಕವೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸುವ ಮಿತಿ ತಂದಿತು.

ಬಳ್ಳಾರಿಯ ಯುವಕ: ಹಾಗಾದರೆ ತಪ್ಪೆಲ್ಲ ನಮ್ಮದೇ ಎನ್ನಿರಿ. ಟಿವಿಯವರು ಇಡೀ ದಿನ ಸುಳ್ಳು ಹೇಳಿದರೆ ಯಾರೂ ಕೇಳುವುದಿಲ್ಲ.

ಸಿಂಧನೂರಿನ ನಿವೃತ್ತ ಉಪನ್ಯಾಸಕ: ನಾನು ಹಾಗೆ ಹೇಳಿಲ್ಲ. ನೀವು ಓದದೆಯೇ ಉತ್ತರಿಸುತ್ತಿದ್ದೀರಿ.

ಲಿಂಗಸೂಗೂರಿನ ಶಿಕ್ಷಕಿ: ಓದುವ ವ್ಯವಧಾನ ಇದ್ದಿದ್ದರೆ ಅಂದು ರಾತ್ರಿ ಆ ವಿಡಿಯೊ ಬರುತ್ತಲೇ ಇರಲಿಲ್ಲ.

ಅಡ್ಮಿನ್: ದಯವಿಟ್ಟು ಮೂವರೂ ನಿಲ್ಲಿಸಿರಿ.

ಖತೀಬರು: ಶಾಂತಿಯ ಸುದ್ದಿಯಾಗಲಿ ಭಯದ ಸುದ್ದಿಯಾಗಲಿ ಬಂದೊಡನೆ ಅವರು ಅದನ್ನು ಹರಡಿಬಿಡುತ್ತಾರೆ, ಅದನ್ನು ರಸೂಲರಿಗೂ ಹೊಣೆಗಾರರಿಗೂ ಒಪ್ಪಿಸಿದ್ದರೆ ತಿಳಿದವರು ಅದರ ನಿಜವನ್ನು ಅರಿಯುತ್ತಿದ್ದರು ಎಂದು ಸೂರಾ ನಿಸಾದ 83ನೇ ಆಯತ್‌ನಲ್ಲಿದೆ. ಅಣೆಕಟ್ಟೆಯ ರಾತ್ರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಹಲ್ಲೆಯ ವಿಡಿಯೊ ನಿಜವೇ ಆಗಿದ್ದರೆ ವಕೀಲರಿಗೆ ಕೊಡಿರಿ, ಠಾಣೆಗೆ ಕೊಡಿರಿ, ಹೆಸರು ಹಾಕಿ ಬರೆಯುವ ಪತ್ರಕರ್ತರಿಗೆ ಕೊಡಿರಿ, ಅದು ಹೇಡಿತನವಲ್ಲ. ಪೆಟ್ಟು ತಿನ್ನುತ್ತಿರುವವನ ಮುಖವನ್ನು ಅವನ ಮಕ್ಕಳು ನೋಡುವಂತೆ ನೂರು ಗುಂಪುಗಳಿಗೆ ಹಾಕುವುದರಿಂದ ಅವನಿಗೆ ನ್ಯಾಯ ಸಿಗುವುದಿಲ್ಲ. ಟಿವಿಯವರ ಸುಳ್ಳಿಗೆ ಅವರು ಲೆಕ್ಕ ಕೊಡುತ್ತಾರೆ, ನಿಮ್ಮ ಬೆರಳಿಗೆ ನೀವು ಕೊಡಬೇಕು. ಇನ್ನು ಆಪಾ ಅವರ ಜೊತೆ ಮಾತನಾಡಿದ ಧಾಟಿ ಸರಿಯಲ್ಲ, ಅವರಲ್ಲಿ ಕ್ಷಮೆ ಕೇಳಿರಿ.

ಬಳ್ಳಾರಿಯ ಯುವಕ ಗುಂಪಿನಿಂದ ಹೊರನಡೆದಿದ್ದಾರೆ.

ಕುಷ್ಟಗಿಯ ಸದಸ್ಯೆ: ಪ್ರೊಫೈಲ್‌ನಲ್ಲಿ ನಮ್ಮ ಫೋಟೊ ಇಡುವುದು ಜಾಯಿಜ್ (ಧರ್ಮಸಮ್ಮತ) ಆಗಿದೆಯೇ?

ಖತೀಬರು: ಡಿಜಿಟಲ್ ಫೋಟೊ ಬಗ್ಗೆ ಉಲಮಾಗಳಲ್ಲಿ (ಧರ್ಮಪಂಡಿತರಲ್ಲಿ) ಭಿನ್ನಾಭಿಪ್ರಾಯವಿದೆ. ಇಂದು ಮೇಲಿನ ಅಣ್ಣನ ಪ್ರಶ್ನೆಯನ್ನು ಓದಿದ ಮೇಲೆ, ಹೂವಿನ ಚಿತ್ರವನ್ನೋ ಊರಿನ ಬೆಟ್ಟವನ್ನೋ ಇಡಿರಿ ಎಂಬುದೇ ನನ್ನ ಸಲಹೆ.

ಸಿಂಧನೂರಿನ ಅಕ್ಕಿ ಗಿರಣಿಯ ಲೆಕ್ಕಿಗ: ಪ್ರೊಫೈಲ್‌ನಲ್ಲಿ ಮಕ್ಕಳ ಫೋಟೊ ಇಡಬಹುದೇ?

ಖತೀಬರು: ಅದೇ ಉತ್ತರ.

ಶಕ್ತಿನಗರದ ತಂದೆ: ಮಗ ಒಂಬತ್ತನೆಯ ತರಗತಿ. ಅವನು ಶಾಲೆಗೆ ಹೋದಾಗ ಅವನ ಫೋನನ್ನು ಗುಟ್ಟಾಗಿ ತೆರೆದು ನೋಡುತ್ತೇನೆ. ಇದು ಕೆದಕಬಾರದೆಂಬ ಆಯತ್‌ಗೆ ವಿರುದ್ಧವೇ?

ಖತೀಬರು: ಚಿಕ್ಕ ಮಕ್ಕಳ ಹೊಣೆ ತಂದೆಯದು, ನಿಮ್ಮಲ್ಲಿ ಪ್ರತಿಯೊಬ್ಬರನ್ನೂ ಅವರವರ ಪಾಲನೆಯಲ್ಲಿರುವವರ ಬಗ್ಗೆ ಪ್ರಶ್ನಿಸಲಾಗುವುದು ಎಂಬ ಹದೀಸ್ ಇದೆ. ನೋಡುವುದು ನಿಮ್ಮ ಹಕ್ಕು, ಆದರೆ ಗುಟ್ಟು ಬೇಡ. ವಾರಕ್ಕೊಮ್ಮೆ ಅವನ ಜೊತೆ ಕೂತೇ ನೋಡುತ್ತೇನೆಂದು ಮೊದಲೇ ತಿಳಿಸಿರಿ. ಕದ್ದು ನೋಡುವ ತಂದೆಯ ಮಗ ಅಡಗಿಸಿಡಲು ಕಲಿಯುತ್ತಾನೆ; ನಾಳೆ ಅವನನ್ನು ಯಾರಾದರೂ ಬೆದರಿಸಿದರೆ ನಿಮಗೆ ಹೇಳುವುದಿಲ್ಲ. ಮೇಲಿನ ಹುಡುಗಿ ಮೂರು ವಾರ ಏಕೆ ಸುಮ್ಮನಿದ್ದಳೆಂದು ಪ್ರತಿ ಮನೆಯವರೂ ಯೋಚಿಸಬೇಕು.

ಹಟ್ಟಿಯ ಯುವಕ: ಯೂಟ್ಯೂಬ್ ಹಣದ ಬಗ್ಗೆ ಮತ್ತೊಮ್ಮೆ ಕೇಳುತ್ತಿದ್ದೇನೆ ಹಜರತ್. ಮೊದಲೇ ಕೇಳಿದವನು ನಾನು.

ಸಿರುಗುಪ್ಪದ ಸದಸ್ಯ: ಇಸ್ತಿಖಾರಾವನ್ನು (ನಿರ್ಧಾರಕ್ಕೆ ಮುನ್ನ ಅಲ್ಲಾಹನ ಮಾರ್ಗದರ್ಶನ ಬೇಡುವುದನ್ನು) ಮೊಬೈಲ್ ಆ್ಯಪ್‌ನಲ್ಲಿ ಮಾಡಿಸಿದರೆ ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆಯಂತೆ. ಕೊಂಡಿ ಹಾಕಲೇ?

ಖತೀಬರು: ಹಾಕಬೇಡಿರಿ! ಇಸ್ತಿಖಾರಾ ಎರಡು ರಕಅತ್ ನಮಾಜ್ ಮತ್ತು ಒಂದು ದುವಾ, ಅದನ್ನು ನೀವೇ ಮಾಡಬೇಕು. ಹಿಂದಿನ ಗುಂಪುಗಳಿಗೆ ಹೋಗಿ ಇನ್ಸುಲಿನ್ ವಿಷಯ ಸರಿಪಡಿಸಿ ಬಂದಿರೋ ಇಲ್ಲವೋ, ಅದನ್ನು ಮೊದಲು ಹೇಳಿರಿ.

ಅಡ್ಮಿನ್: ಆ ಅಣ್ಣ ಮತ್ತೆ ಬರೆದಿದ್ದಾರೆ. “ಹಜರತ್, ತಂದೆಯವರಿಗೆ ನಿಮ್ಮ ಉತ್ತರವನ್ನು ಪೂರ್ತಿ ಓದಿ ಹೇಳಿದೆ. ನಿಕಾಹ್ ಮಾತನ್ನು ನಿಲ್ಲಿಸಿದ್ದಾರೆ, ಆದರೆ ಠಾಣೆಗೆ ಬರಲು ಒಪ್ಪುತ್ತಿಲ್ಲ. ತಂಗಿ ತಾಯಿಯ ಜೊತೆ ಇದ್ದಾಳೆ, ಸ್ವಲ್ಪ ಊಟ ಮಾಡಿದಳು. ಅವನಿಂದ ಈಗ ಮತ್ತೊಂದು ಸಂದೇಶ ಬಂದಿದೆ, ನಾಳೆ ಮಧ್ಯಾಹ್ನದವರೆಗೆ ಗಡುವು ಕೊಟ್ಟಿದ್ದಾನೆ.”

ಖತೀಬರು: ಉತ್ತರ ಕೊಡಬೇಡಿರಿ, ಆ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಡಿರಿ. ದೂರು ಕೊಡಲು ತಂದೆಯವರೇ ಬರಬೇಕೆಂದಿಲ್ಲ, ಅಣ್ಣನಾದ ನೀವು ಕೊಡಬಹುದು, ತಾಯಿ ಕೊಡಬಹುದು. ಅವನ ಗಡುವಿಗೆ ಮುಂಚೆ, ನಾಳೆ ಬೆಳಿಗ್ಗೆಯೇ ಸೆನ್ ಠಾಣೆಯಲ್ಲಿರಬೇಕು. ನನ್ನ ಪರಿಚಯದ ಮಹಿಳಾ ವಕೀಲರೊಬ್ಬರಿಗೆ ಈಗ ತಾನೇ ಕರೆ ಮಾಡಿದ್ದೇನೆ, ಅವರು ನಿಮ್ಮೊಂದಿಗೆ ಬರಲು ಒಪ್ಪಿದ್ದಾರೆ. ಅಡ್ಮಿನ್, ಇವರ ಸಂಖ್ಯೆಯನ್ನು ನನಗೆ ಖಾಸಗಿಯಾಗಿ ಕೊಡಿರಿ, ಇನ್ನು ಈ ಕುಟುಂಬದ ವಿಷಯವಾಗಿ ಗುಂಪಿನಲ್ಲಿ ಒಂದಕ್ಷರವೂ ಬೇಡ. ಫಜರ್ ಮುಗಿಸಿ ನಾನೇ ಮನೆಗೆ ಬಂದು ತಂದೆಯವರ ಜೊತೆ ಕೂತು ಮಾತನಾಡುತ್ತೇನೆ. ಅಲ್ಲಿಯವರೆಗೆ ಫೋನ್ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿರಿ, ಸಾಕ್ಷ್ಯವೆಲ್ಲ ಅದರಲ್ಲಿಯೇ ಇದೆ.